ಬರದ ನಾಡಿನ ವರ್ಷಾವಾಸ

ವಿಜಯಪುರದಲ್ಲಿ ಆಷಾಢದ ಹುಣ್ಣಿಮೆಯ ಹೊತ್ತಿಗೆ ಮಳೆ ಬಂದೇ ಬರುತ್ತದೆ ಎಂದು ಯಾರೂ ಮಾತು ಕೊಡುವುದಿಲ್ಲ. ಗಾಳಿಯಂತೂ ಬೀಸುತ್ತದೆ, ಪಡುವಣದಿಂದ ಬಂದ ಮೋಡಗಳು ಗೋಳಗುಮ್ಮಟದ ನೆತ್ತಿಯನ್ನು ಸವರಿಕೊಂಡು ಮೂಡಣಕ್ಕೆ ಹೋಗುತ್ತವೆ, ಎರೆಹೊಲಗಳಲ್ಲಿ ಹೆಸರು, ತೊಗರಿ ಬಿತ್ತಿದವರು ಅವುಗಳ ಬೆನ್ನನ್ನೇ ನೋಡುತ್ತ ನಿಲ್ಲುತ್ತಾರೆ. ಅಂಥ ಒಂದು ಸಂಜೆ, ನೆಲ ಇನ್ನೂ ಅರೆಬರೆ ತೊಯ್ದಿರುವಾಗಲೇ, ನಮ್ಮ ಬಡಾವಣೆಯ ಬುದ್ಧ ವಿಹಾರದಲ್ಲಿ ವರ್ಷಾವಾಸ ಆರಂಭವಾಗುತ್ತದೆ. ಹೆಸರಿನಲ್ಲಿಯೇ ಮಳೆಯನ್ನು ಇಟ್ಟುಕೊಂಡ ಈ ಮೂರು ತಿಂಗಳ ವ್ರತವನ್ನು ಬರಕ್ಕೆ ಹೆಸರಾದ ಈ ಜಿಲ್ಲೆಯಲ್ಲಿ ನಾವು ಹೇಗೆ ನಡೆಸಿಕೊಂಡು ಬಂದೆವು ಎಂಬುದನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ನಮ್ಮ ಅಜ್ಜಿ ತೀರಿಕೊಂಡ ಮೇಲೆ ಆ ಕೆಲಸವನ್ನು ಇನ್ನು ಮುಂದೂಡಬಾರದು ಎನ್ನಿಸಿತು.

ವರ್ಷಾವಾಸದ ಹುಟ್ಟಿನ ಕಥೆಯನ್ನು ನಮ್ಮ ವಿಹಾರದಲ್ಲಿ ಪ್ರತಿ ವರ್ಷ ಮೊದಲ ದಿನ ಹೇಳುತ್ತಾರೆ. ಬುದ್ಧನ ಭಿಕ್ಖುಗಳು ಊರಿಂದೂರಿಗೆ ನಡೆಯುತ್ತಲೇ ಇದ್ದವರು, ಮಳೆಗಾಲದಲ್ಲಿಯೂ ನಡೆಯುತ್ತಿದ್ದರು. ಎಳೆಯ ಪೈರನ್ನು ತುಳಿಯುತ್ತಾರೆ, ಹಸಿಯಲ್ಲಿ ಹರಿದಾಡುವ ಸಣ್ಣ ಜೀವಿಗಳನ್ನು ಕೊಲ್ಲುತ್ತಾರೆ, ಹಕ್ಕಿಗಳು ಕೂಡ ಮಳೆಗಾಲದಲ್ಲಿ ಗೂಡು ಕಟ್ಟಿ ಕೂರುತ್ತವೆ, ಇವರಿಗೇನಾಗಿದೆ ಎಂದು ಜನ ದೂರಿದಾಗ, ಮಳೆಗಾಲದ ಮೂರು ತಿಂಗಳು ಒಂದೇ ಕಡೆ ನೆಲೆಸಬೇಕೆಂದು ಬುದ್ಧ ನಿಯಮ ಮಾಡಿದ. ಇದು ಭಿಕ್ಖುಗಳ ನಿಯಮಗಳ ಗ್ರಂಥವಾದ ವಿನಯಪಿಟಕದಲ್ಲಿರುವ ಮಾತು. ಒಂದು ಧರ್ಮದ ಇಷ್ಟು ದೊಡ್ಡ ವ್ರತ ಬಿತ್ತಿ ಬೆಳೆಯುವವರ ದೂರಿನಿಂದ ಹುಟ್ಟಿತು ಎಂಬುದು ನಮ್ಮ ಕಡೆಯ ಜನರಿಗೆ ಬಹಳ ಹಿಡಿಸುತ್ತದೆ. ಎಳೆಯ ಪೈರನ್ನು ಯಾರಾದರೂ ತುಳಿದರೆ ಹೊಟ್ಟೆಯಲ್ಲಿ ಏನಾಗುತ್ತದೆ ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನಮ್ಮ ವಿಹಾರದಲ್ಲಿ ನೆಲೆಸಲು ಭಿಕ್ಖುಗಳೇ ಇಲ್ಲ. ವರ್ಷದಲ್ಲಿ ಎರಡು ಮೂರು ಸಲ ಮಹಾರಾಷ್ಟ್ರದಿಂದಲೋ ಕಲಬುರಗಿ, ಬೀದರಿನ ಕಡೆಯಿಂದಲೋ ಒಬ್ಬ ಭಂತೇಜಿ ಬರುತ್ತಾರೆ, ಒಂದೆರಡು ದಿನವಿದ್ದು ಹೋಗುತ್ತಾರೆ. ಅವರು ನಡು ಮಧ್ಯಾಹ್ನ ದಾಟಿದ ಮೇಲೆ ಊಟ ಮಾಡುವುದಿಲ್ಲವಾದ್ದರಿಂದ ಅಂದು ಓಣಿಯ ಮನೆಗಳಲ್ಲಿ ಬೆಳಗಿನ ಜಾವವೇ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಉಳಿದ ದಿನಗಳಲ್ಲಿ ವಿಹಾರದ ಬೀಗದ ಕೈ ಒಂದು ಮನೆಯಲ್ಲಿ, ಚಾಪೆಗಳ ಲೆಕ್ಕ ಇನ್ನೊಂದು ಮನೆಯಲ್ಲಿ, ಮೇಣದಬತ್ತಿ, ಊದುಬತ್ತಿಯ ಡಬ್ಬಿ ಮತ್ತೊಂದು ಮನೆಯಲ್ಲಿ. ಕಟ್ಟಡವೆಂದರೆ ಒಂದೇ ಉದ್ದನೆಯ ಕೋಣೆ; ಎದುರಿಗೆ ಧ್ಯಾನಕ್ಕೆ ಕುಳಿತ ಬುದ್ಧನ ಬಿಳಿಯ ಮೂರ್ತಿ, ಅದರ ಬಲಗಡೆ ಬಾಬಾಸಾಹೇಬ ಅಂಬೇಡ್ಕರರ ಭಾವಚಿತ್ರ, ಗೋಡೆಯ ಮೇಲೆ ನೀಲಿ, ಹಳದಿ, ಕೆಂಪು, ಬಿಳಿ, ಕೇಸರಿ ಪಟ್ಟಿಗಳ ಪಂಚಶೀಲ ಧ್ವಜ. ಹೊರಗೆ ಒಂದು ಅರಳಿ ಗಿಡವಿದೆ, ಇನ್ನೂ ಮರವಾಗಿಲ್ಲ. ಬೇಸಿಗೆಯಲ್ಲಿ ಅದಕ್ಕೆ ಪಾಳಿಯ ಮೇಲೆ ಒಂದೊಂದು ಮನೆಯವರು ಒಂದೊಂದು ಕೊಡ ನೀರು ಹಾಕುತ್ತಾರೆ. ನಲ್ಲಿಯ ನೀರು ತಡವಾಗಿ ಬರುವ ವಾರಗಳಲ್ಲಿಯೂ ಆ ಪಾಳಿ ತಪ್ಪಿದ್ದನ್ನು ನಾನು ನೋಡಿಲ್ಲ.

ಭಾನುವಾರ ಬೆಳಿಗ್ಗೆ ಮತ್ತು ಹುಣ್ಣಿಮೆಯ ಸಂಜೆ ವಂದನೆ ನಡೆಯುತ್ತದೆ. ಹತ್ತಿರದ ಮಸೀದಿಯ ಆಜಾನ್ ಮುಗಿಯುವವರೆಗೆ ಸುಮ್ಮನೆ ಕುಳಿತಿದ್ದು ಆಮೇಲೆ ಆರಂಭಿಸುವುದು ಯಾರೂ ಹೇಳಿಕೊಡದೆ ಬಂದ ರೂಢಿ. ತಿಸರಣ, ಪಂಚಶೀಲ, ಬುದ್ಧ ಪೂಜೆಯ ಗಾಥೆ, ಆಮೇಲೆ ಹತ್ತು ನಿಮಿಷದ ಮೌನ. ಎಲ್ಲವೂ ಪಾಳಿ ಭಾಷೆಯಲ್ಲಿ, ಆದರೆ ಕನ್ನಡ ಅಕ್ಷರದಲ್ಲಿ ಅಚ್ಚಾದ ಸಣ್ಣ ಪುಸ್ತಿಕೆಯಿಂದ. ನಾನು ಕನ್ನಡ ಮೇಷ್ಟರಗಿತ್ತಿ. ಹೈಸ್ಕೂಲಿನಲ್ಲಿ ವರ್ಣಮಾಲೆ ಕಲಿತು ಬಂದ ಮಕ್ಕಳನ್ನೇ ವರ್ಷಗಟ್ಟಲೆ ನೋಡಿದವಳು. ಕಾಗುಣಿತದ ಪಟ್ಟಿಯಲ್ಲಿ ಮಾತ್ರ ಕಂಡು ಮತ್ತೆ ಜನ್ಮದಲ್ಲಿ ಎದುರಾಗದ ಞ ಎಂಬ ಅಕ್ಷರ ಈ ಪುಸ್ತಿಕೆಯಲ್ಲಿ ಸಾಲುಸಾಲಿಗೂ ಬರುತ್ತದೆ. ಪುಣ್ಯ ಎನ್ನುವುದು ಇಲ್ಲಿ ಪುಞ್ಞ, ಪ್ರಜ್ಞೆ ಎನ್ನುವುದು ಪಞ್ಞಾ. ಮಕ್ಕಳು ಅದರ ಮುಂದೆ ತೊದಲುತ್ತಾರೆ, ಮೂಗಿನಿಂದ ಹೊರಡುವ ಆ ಸದ್ದು ಬಾಯಿಗೆ ಕೂಡುವವರೆಗೆ ಪರಸ್ಪರ ಮುಖ ನೋಡಿ ನಗುತ್ತಾರೆ, ಕೂಡಿದ ದಿನ ಗಟ್ಟಿಯಾಗಿ ಹೇಳುತ್ತಾರೆ. ಹಳಗನ್ನಡದ ‘ಸವಣ’ ಎಂಬ ಪದ ಶ್ರಮಣ ಎಂಬುದರ ತದ್ಭವ ಎಂದು ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೆ. ವಿಹಾರದಲ್ಲಿ ‘ಸಮಣ’ ಎಂಬ ಪಾಳಿ ಪದವನ್ನು ಕೇಳಿದ ಮೇಲೆ ಆ ತದ್ಭವ ನನಗೆ ಬರೀ ವ್ಯಾಕರಣವಾಗಿ ಉಳಿಯಲಿಲ್ಲ.

ಪೂಜೆಯ ಗಾಥೆಯಲ್ಲಿ ಒಂದು ಸಾಲಿದೆ. ಕೈಯಲ್ಲಿ ಹೂ ಹಿಡಿದು, ಈ ಹೂ ಬಾಡುವಂತೆ ಈ ದೇಹವೂ ಬಾಡಿ ಹೋಗುತ್ತದೆ ಎಂದು ಹೇಳುತ್ತ ಅದನ್ನು ಬುದ್ಧನ ಪಾದದ ಬಳಿ ಇಡಬೇಕು. ಏನನ್ನೂ ಬೇಡುವುದಿಲ್ಲ. ಮಳೆ ಕೊಡು, ಮಗನಿಗೆ ನೌಕರಿ ಕೊಡು, ಮಗಳಿಗೆ ಗಂಡು ಕೊಡು ಎನ್ನುವಂತಿಲ್ಲ. ಬೇಡಿಕೆಯಿಲ್ಲದ ಪೂಜೆಗೆ ನಮ್ಮ ಹಿರಿಯರು ಹೇಗೆ ಒಗ್ಗಿಕೊಂಡರು ಎಂಬುದು ನನಗೆ ಇಂದಿಗೂ ಬೆರಗಿನ ವಿಷಯ. ಅದು ಒಂದೇ ದಿನದಲ್ಲಿ ಆದದ್ದಲ್ಲ.

ನಮ್ಮ ಮನೆತನದಲ್ಲಿ ಅದು ಆರಂಭವಾದದ್ದು ಅಜ್ಜಿಯ ಅಣ್ಣನಿಂದ. ಅವರು ಊರಿನ ಹೊಲಗೆಲಸ ಬಿಟ್ಟು ಸೊಲ್ಲಾಪುರದ ಗಿರಣಿಗೆ ಸೇರಿದವರು. ವಿಜಯಪುರದಿಂದ ಆ ಕಾಲಕ್ಕೆ ಮೀಟರ್ ಗೇಜ್ ರೈಲು ಹತ್ತಿ ಸೊಲ್ಲಾಪುರಕ್ಕೆ ಹೋಗಿ ಗಿರಣಿಯಲ್ಲಿ ದುಡಿದ ಕುಟುಂಬಗಳು ನಮ್ಮ ಓಣಿಯಲ್ಲಿಯೇ ಬಹಳ ಇವೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಭಿಕ್ಷು ಚಂದ್ರಮಣಿಯವರಿಂದ ದೀಕ್ಷೆ ಪಡೆದು, ಆಮೇಲೆ ತಾವೇ ಲಕ್ಷಾಂತರ ಜನರಿಗೆ ದೀಕ್ಷೆ ಕೊಟ್ಟಾಗ ಆ ಜನಸಾಗರದಲ್ಲಿ ಅಜ್ಜಿಯ ಅಣ್ಣನೂ ಇದ್ದರು. ಆಗ ನಮ್ಮ ವಿಜಯಪುರ, ಬೆಳಗಾವಿ ಜಿಲ್ಲೆಗಳು ಇನ್ನೂ ಮುಂಬಯಿ ರಾಜ್ಯದಲ್ಲಿದ್ದವು. ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರುವುದಕ್ಕೆ ಮೂರು ವಾರವೂ ಉಳಿದಿರಲಿಲ್ಲ. ಹೀಗಾಗಿ ನಮ್ಮ ಮನೆಯ ನೆನಪಿನಲ್ಲಿ ಧರ್ಮ ಬದಲಾದದ್ದೂ ರಾಜ್ಯ ಬದಲಾದದ್ದೂ ಒಂದೇ ಶರತ್ಕಾಲದಲ್ಲಿ. ಬಾಬಾಸಾಹೇಬರು ಈ ಸೀಮೆಗೆ ಹೊಸಬರೇನೂ ಆಗಿರಲಿಲ್ಲ. 1925ರ ಏಪ್ರಿಲ್‌ನಲ್ಲಿಯೇ ಅವರು ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ಅಸ್ಪೃಶ್ಯರ ಪರಿಷತ್ತಿಗೆ ಬಂದು ಮಾತನಾಡಿದ್ದರು. ಆದರೆ ನಾಗಪುರದಿಂದ ಮರಳಿದ ಅಣ್ಣ ಬಿಳಿ ಅಂಗಿ ತೊಟ್ಟು, ದೀಕ್ಷೆಯ ಇಪ್ಪತ್ತೆರಡು ಪ್ರತಿಜ್ಞೆಗಳ ಕಾಗದವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತದ್ದನ್ನು ಅಜ್ಜಿ ಹೇಳುವಾಗ ಇತಿಹಾಸ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದಂತೆ ಅನ್ನಿಸುತ್ತಿತ್ತು. ಎರಡು ತಿಂಗಳೊಳಗೆ, ಡಿಸೆಂಬರ್ 6ಕ್ಕೆ, ಬಾಬಾಸಾಹೇಬರು ತೀರಿಕೊಂಡ ಸುದ್ದಿ ಬಂತು. ಅಣ್ಣ ಮೂರು ದಿನ ಒಲೆ ಹೊತ್ತಿಸಗೊಡಲಿಲ್ಲವಂತೆ.

ಅಜ್ಜಿ ಮಾತ್ರ ಕೂಡಲೇ ಬದಲಾಗಲಿಲ್ಲ. ಅವಳಿಗೆ ಹುಣ್ಣಿಮೆಯೆಂದರೆ ಸವದತ್ತಿಯ ಗುಡ್ಡ. ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಎಂದು ಯಲ್ಲಮ್ಮನ ಹುಣ್ಣಿಮೆಗಳನ್ನು ಎಣಿಸುತ್ತ ಬೆಳೆದವಳು. ದೇವಿಯ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿಯನ್ನು ತನ್ನ ಓರಗೆಯವರ ಬಾಳಿನಲ್ಲಿಯೇ ಕಂಡಿದ್ದಳು. ಸರ್ಕಾರ ಅದನ್ನು ಕಾನೂನಿನ ಮೂಲಕ ನಿಷೇಧಿಸಿದ್ದು 1982ರಲ್ಲಿ. ಆ ಗೆಳತಿಯರ ಬಗ್ಗೆ ಅವಳು ಎಂದೂ ವಿವರವಾಗಿ ಮಾತನಾಡಲಿಲ್ಲ. ಆದರೆ ನನ್ನ ತಾಯಿ ಹುಟ್ಟಿದ ಮೇಲೆ ಗುಡ್ಡಕ್ಕೆ ಹೋಗುವುದನ್ನು ಕಡಿಮೆ ಮಾಡಿದಳು, ಆಮೇಲೆ ಬಿಟ್ಟಳು, ಆಮೇಲೆ ಅಣ್ಣ ಕೊಟ್ಟ ಬುದ್ಧನ ಚಿತ್ರವನ್ನು ಜಗಲಿಯ ಮೇಲೆ ತಂದಿಟ್ಟಳು. ಊರವರು ಕೇಳಿದರೆ ಅವಳು ಕೊಡುತ್ತಿದ್ದ ಉತ್ತರ ಒಂದೇ: “ಹುಣ್ಣಿಮಿ ಹುಣ್ಣಿಮಿನ ಐತಿ, ನಾ ಹೋಗೂ ದಾರಿ ಬ್ಯಾರೆ ಆತು.” ಮತಾಂತರದ ಬಗ್ಗೆ ಈಗ ನಡೆಯುವ ಗಟ್ಟಿ ಗಂಟಲಿನ ಚರ್ಚೆಗಳನ್ನು ಕೇಳುವಾಗ, ಒಬ್ಬ ಹೆಂಗಸು ಇಪ್ಪತ್ತು ವರ್ಷ ತೆಗೆದುಕೊಂಡು ತನ್ನೊಳಗೆ ಮಾಡಿಕೊಂಡ ಈ ಬದಲಾವಣೆಯನ್ನು ಯಾವ ಲೆಕ್ಕಕ್ಕೆ ಹಾಕುತ್ತಾರೆ ಎಂದು ನನಗೆ ಅನ್ನಿಸುತ್ತದೆ.

ಇನ್ನು ವರ್ಷಾವಾಸದ ಓದಿನ ವಿಷಯ. ಭಿಕ್ಖುಗಳಿಲ್ಲದ ವಿಹಾರಗಳಲ್ಲಿ ಈ ಮೂರು ತಿಂಗಳು, ಆಷಾಢ ಹುಣ್ಣಿಮೆಯಿಂದ ಆಶ್ವಯುಜ ಹುಣ್ಣಿಮೆಯವರೆಗೆ, ಬಾಬಾಸಾಹೇಬರು ಬುದ್ಧನ ಕುರಿತು ಬರೆದ ಮಹಾಗ್ರಂಥವನ್ನು ಗಟ್ಟಿಯಾಗಿ ಓದುವ ಪದ್ಧತಿ ಮಹಾರಾಷ್ಟ್ರದಲ್ಲಿ ಬೇರೂರಿದೆ. ಗಡಿ ದಾಟಿ ನಮ್ಮಲ್ಲಿಗೂ ಬಂದಿದೆ. ಗ್ರಂಥ ಪ್ರಕಟವಾದದ್ದು ಅವರು ತೀರಿಕೊಂಡ ಮರುವರ್ಷ, 1957ರಲ್ಲಿ. ಅಚ್ಚಾದ ಪ್ರತಿಯನ್ನು ಅವರು ಕಾಣಲಿಲ್ಲ. ನಾವು ಅದರ ಕನ್ನಡ ಅನುವಾದವನ್ನು ಓದುತ್ತೇವೆ, ದಿನಕ್ಕೆ ಐದಾರು ಪುಟ, ರಾತ್ರಿ ಎಂಟರಿಂದ ಒಂಬತ್ತರವರೆಗೆ. ಎಂಟಕ್ಕೇ ಏಕೆಂದರೆ ಕೇಳಲು ಬರುವವರಲ್ಲಿ ಹೆಚ್ಚಿನವರು ಕೂಲಿಯಿಂದ, ಕಟ್ಟಡದ ಕೆಲಸದಿಂದ, ದ್ರಾಕ್ಷಿ ತೋಟದಿಂದ ಮರಳಿ, ರೊಟ್ಟಿ ಬಡಿದು, ಉಂಡು, ಮಕ್ಕಳನ್ನು ಮಲಗಿಸಿ ಬರಬೇಕು. ಮೊದಲ ವರ್ಷ ಏಳು ಗಂಟೆಗೆ ಇಟ್ಟಾಗ ಗಂಡಸರು ಮಾತ್ರ ಬಂದರು. ಅಜ್ಜಿ ಮತ್ತು ಅವಳ ಜೊತೆಯವರು ಸಮಿತಿಯ ಮುಂದೆ ನಿಂತು ಎಂಟಕ್ಕೆ ಮಾಡಿಸಿದರು. ನಮ್ಮ ವಿಹಾರದ ಚರಿತ್ರೆಯಲ್ಲಿ ಕಟ್ಟಡ ಎದ್ದ ದಿನಕ್ಕಿಂತ ನಾನು ಈ ದಿನವನ್ನೇ ದೊಡ್ಡದೆಂದು ತಿಳಿಯುತ್ತೇನೆ.

ಓದುವವಳು ಹೆಚ್ಚಾಗಿ ನಾನೇ. ಒಂಬತ್ತನೆಯ ತರಗತಿಯಲ್ಲಿದ್ದಾಗ ಕೂರಿಸಿದವರು ಆಮೇಲೆ ಎಬ್ಬಿಸಲಿಲ್ಲ. ಎದುರಿಗೆ ಅಕ್ಷರ ಬಾರದ ನಲವತ್ತು ಐವತ್ತು ಹೆಂಗಸರು, ಗೋಡೆಗೆ ಒರಗಿದವರು, ಬತ್ತಿ ಹೊಸೆಯುವವರು, ಮಡಿಲಲ್ಲಿ ಮಗುವಿಟ್ಟುಕೊಂಡವರು. ಇವರಿಗೆ ಇಷ್ಟು ಗಂಭೀರವಾದ ಗದ್ಯ ಏನು ತಿಳಿದೀತು ಎಂಬ ಅನುಮಾನ ನನಗೆ ಆ ವಯಸ್ಸಿನಲ್ಲಿ ಇತ್ತು ಎಂಬುದನ್ನು ಈಗ ನಾಚಿಕೆಯಿಂದಲೇ ಬರೆಯುತ್ತೇನೆ.

ಆ ಅನುಮಾನ ಬಿಟ್ಟುಹೋದದ್ದು ರೋಹಿಣಿ ನದಿಯ ಅಧ್ಯಾಯ ಓದಿದ ರಾತ್ರಿ. ಸಿದ್ಧಾರ್ಥ ಮನೆ ಬಿಟ್ಟದ್ದು ಮುದುಕನನ್ನು, ರೋಗಿಯನ್ನು, ಹೆಣವನ್ನು ಕಂಡು ಎಂಬ ಕಥೆಯನ್ನು ಎಲ್ಲರೂ ಬಲ್ಲರು. ಬಾಬಾಸಾಹೇಬರು ಅದನ್ನು ಒಪ್ಪುವುದಿಲ್ಲ. ಇಪ್ಪತ್ತೊಂಬತ್ತು ವರ್ಷದ ಮನುಷ್ಯ ಅಲ್ಲಿಯವರೆಗೆ ಮುಪ್ಪನ್ನೂ ಸಾವನ್ನೂ ನೋಡಿರಲಿಲ್ಲ ಎಂದರೆ ಹೇಗೆ ನಂಬುವುದು ಎಂದು ಕೇಳುತ್ತಾರೆ. ಅವರು ಹೇಳುವ ಕಾರಣ ಬೇರೆ. ಸಿದ್ಧಾರ್ಥನ ಕುಲದವರಾದ ಶಾಕ್ಯರಿಗೂ ನೆರೆಯ ಕೋಲಿಯರಿಗೂ ನಡುವೆ ರೋಹಿಣಿ ಎಂಬ ನದಿ. ಎರಡೂ ಕಡೆಯ ಹೊಲಗಳಿಗೆ ಅದರದೇ ನೀರು. ಮೊದಲು ಯಾರು, ಎಷ್ಟು ಎಂಬ ಜಗಳ. ಶಾಕ್ಯರ ಸೇನಾಪತಿ ಯುದ್ಧ ಸಾರಬೇಕೆಂದಾಗ ಸಿದ್ಧಾರ್ಥ ಸಂಘದ, ಅಂದರೆ ಶಾಕ್ಯರ ಆಡಳಿತ ಮಂಡಳಿಯ, ಸಭೆಯಲ್ಲಿ ಎದ್ದು ನಿಂತು ಬೇಡವೆನ್ನುತ್ತಾನೆ, ತಪ್ಪು ಯಾರದೆಂದು ವಿಚಾರಿಸೋಣವೆನ್ನುತ್ತಾನೆ. ಬಹುಮತ ಯುದ್ಧದ ಕಡೆಗೆ ಹೋಗುತ್ತದೆ. ಮಣಿಯದಿದ್ದರೆ ನಿನ್ನ ಮನೆತನಕ್ಕೆ ಬಹಿಷ್ಕಾರ ಹಾಕುತ್ತೇವೆ, ಹೊಲ ಮುಟ್ಟುಗೋಲು ಹಾಕುತ್ತೇವೆ ಎಂದು ಸಂಘ ಬೆದರಿಸುತ್ತದೆ. ತನ್ನ ತಪ್ಪಿಗೆ ಮನೆಯವರನ್ನು ದಂಡಿಸಬೇಡಿ, ನಾನೇ ದೇಶ ಬಿಟ್ಟು ಪರಿವ್ರಾಜಕನಾಗಿ ಹೋಗುತ್ತೇನೆ ಎಂದು ಅವನು ಹೊರಡುತ್ತಾನೆ.

‘ಬಹಿಷ್ಕಾರ’ ಎಂಬ ಪದಕ್ಕೆ ಬಂದಾಗ ಬತ್ತಿ ಹೊಸೆಯುವ ಕೈಗಳು ನಿಂತವು. ಬಾವಿಯಿಂದ, ಅಂಗಡಿಯಿಂದ, ಹೊಲಗೆಲಸದಿಂದ ಒಂದೇ ದಿನ ಹೊರಗಿಡುವುದು ಎಂದರೇನು ಎಂಬುದನ್ನು ಆ ಕೋಣೆಯಲ್ಲಿದ್ದ ಹಿರಿಯರು ಕೇಳಿ ತಿಳಿದವರಲ್ಲ. ನಾನು ತಡೆದೆ. ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡು, ಮುಳುಗಡೆಯ ಪರಿಹಾರದ ದುಡ್ಡು ಕರಗಿದ ಮೇಲೆ ನಗರಕ್ಕೆ ಬಂದು ನೆಲೆಸಿದ್ದ ಒಬ್ಬ ಹೆಂಗಸು ಹಿಂದಿನಿಂದ ಕೇಳಿದಳು: “ನೀರಿನ ಜಗಳಾ ಆವಾಗಿಂದನೂ ಐತೇನು?” ಇನ್ನೊಬ್ಬಳು ಎಂದಳು: “ಅಂವಾ ರಾಜನ ಮಗಾ. ಅಂಥವಂಗೂ ಬಹಿಷ್ಕಾರ ಹಾಕತೇವಿ ಅಂದ್ರಲ್ಲ.” ಅಜ್ಜಿ ಮಾತ್ರ, “ಯಾಕ ನಿಲ್ಲಿಸಿದಿ? ಮುಂದ ಓದವ್ವಾ” ಎಂದಳು. ಅಂದು ಐದು ಪುಟಕ್ಕೆ ನಿಲ್ಲಿಸಲಾಗಲಿಲ್ಲ. ಅವನು ಹೊರಟ ಮೇಲೆ ಎರಡು ಕಡೆಯವರೂ ರಾಜಿಯಾದ ಸುದ್ದಿ ಅವನಿಗೆ ರಾಜಗೃಹದಲ್ಲಿ ಮುಟ್ಟುತ್ತದೆ. ಇನ್ನು ಮನೆಗೆ ಮರಳಬಹುದಲ್ಲ ಎನ್ನುತ್ತಾರೆ. ಈ ಒಂದು ಯುದ್ಧ ನಿಂತರೂ ಮನುಷ್ಯರ ನಡುವಿನ ಕಾದಾಟ ನಿಂತಿಲ್ಲ, ಅದರ ಮೂಲ ಹುಡುಕಬೇಕು ಎಂದು ಅವನು ಮುಂದೆ ನಡೆಯುತ್ತಾನೆ. ಅಲ್ಲಿಯವರೆಗೂ ಓದಿಸಿದರು. ಕೃಷ್ಣೆಯ ನೀರಿಗಾಗಿ ರಾಜ್ಯಗಳು ವ್ಯಾಜ್ಯ ಹೂಡಿರುವ ನಾಡಿನಲ್ಲಿ, ಆ ನೀರೇ ಮನೆಯ ಮೇಲೆ ಬಂದು ನಿಂತವರ ನಡುವೆ ಆ ಪುಟಗಳನ್ನು ಓದಿದ ಮೇಲೆ, ಯಾರಿಗೆ ಏನು ತಿಳಿಯುತ್ತದೆ ಎಂದು ಮೊದಲೇ ನಿರ್ಧರಿಸುವ ಅಭ್ಯಾಸವನ್ನು ತರಗತಿಯಲ್ಲಿಯೂ ಬಿಟ್ಟೆ.

ವಿಹಾರದ ಧಾರ್ಮಿಕ ಜೀವನ ಎಂದರೆ ನನಗೆ ಮೊದಲು ನೆನಪಾಗುವುದು ಈ ಕೇಳುವಿಕೆ. ಮೂರ್ತಿ, ಮೇಣದಬತ್ತಿ, ಧ್ವಜ ಎಲ್ಲವೂ ಅದರ ಸುತ್ತಲಿನವು. ‘ಏವಂ ಮೇ ಸುತಂ’, ಹೀಗೆ ನಾನು ಕೇಳಿದೆ ಎಂದು ಬುದ್ಧನ ಉಪದೇಶಗಳಾದ ಪಾಳಿ ಸುತ್ತಗಳು ಆರಂಭವಾಗುತ್ತವೆ. ಬುದ್ಧನ ಮಾತು ಬರವಣಿಗೆಗೆ ಇಳಿಯುವ ಮೊದಲು ಶತಮಾನಗಳ ಕಾಲ ಕೇಳಿ ನೆನಪಿಟ್ಟವರ ಬಾಯಲ್ಲಿಯೇ ಉಳಿದು ಬಂದಿತ್ತು. ಹಾಗಿರುವಾಗ ಓದು ಬಾರದ ನಮ್ಮ ಹೆಂಗಸರು ಆ ಪರಂಪರೆಯ ಅಂಚಿನಲ್ಲಿರುವವರು ಎಂದು ನಾನು ಹೇಗೆ ತಿಳಿಯಲಿ? ಅಜ್ಜಿ ಹದಿನೈದು ಇಪ್ಪತ್ತು ವರ್ಷಾವಾಸ ಕೇಳಿ ಕೇಳಿ ಪುಟದ ಮೇಲೆ ಕಣ್ಣಿಡುವ ನನಗಿಂತ ಚೆನ್ನಾಗಿ ಗ್ರಂಥವನ್ನು ಬಲ್ಲವಳಾಗಿದ್ದಳು. ದಣಿವಿನಲ್ಲಿ ನನ್ನ ಕಣ್ಣು ಒಂದು ಸಾಲು ಜಾರಿದರೆ ಗೋಡೆಯ ಕಡೆಯಿಂದ ಅವಳ ದನಿ ಬರುತ್ತಿತ್ತು: “ಒಂದ ಸಾಲು ಬಿಟ್ಟಿ ನೋಡು.” ಹಿಂದಿರುಗಿ ನೋಡಿದರೆ ನಿಜವಾಗಿಯೂ ಬಿಟ್ಟಿರುತ್ತಿದ್ದೆ.

ಉಪೋಸಥದ ವಿಷಯದಲ್ಲಿ ನಮ್ಮಲ್ಲಿ ಒಂದು ತಕರಾರು ಆಗಾಗ ಏಳುತ್ತದೆ. ಹುಣ್ಣಿಮೆಯ ದಿನ ಬಿಳಿ ಬಟ್ಟೆ ತೊಟ್ಟು ಎಂಟು ಶೀಲಗಳನ್ನು ತೆಗೆದುಕೊಂಡವರು ಮಧ್ಯಾಹ್ನದ ಮೇಲೆ ಉಣ್ಣಬಾರದು. ನೌಕರಿಯಲ್ಲಿರುವ ಕೆಲವರು ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆನ್ನುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಇಟ್ಟಂಗಿ ಹೊತ್ತವರಿಗೆ ರಾತ್ರಿ ರೊಟ್ಟಿ ಬೇಡವೆನ್ನಲು ನಮಗೆ ಯಾವ ಅಧಿಕಾರವಿದೆ ಎಂಬುದು ನನ್ನ ಪಕ್ಷ. ಒಬ್ಬ ಭಂತೇಜಿಯವರನ್ನು ಕೇಳಿದಾಗ, ಐದು ಶೀಲಗಳನ್ನು ದಿನವೂ ಬಾಳುವವರು ಎಂಟನ್ನು ತಿಂಗಳಿಗೊಮ್ಮೆ ಹಿಡಿಯಲಾಗದಿದ್ದರೆ ಕೊರಗಬೇಕಾಗಿಲ್ಲ ಎಂದರು. ಐದನೆಯ ಶೀಲ ಮದ್ಯ ಬಿಡುವುದು. ಅದನ್ನೇ ಪೂರ್ತಿ ಪಾಲಿಸಿದರೆ ನಮ್ಮ ಓಣಿಯ ಎಷ್ಟು ಮನೆಗಳಲ್ಲಿ ರಾತ್ರಿ ನೆಮ್ಮದಿಯಿಂದ ನಿದ್ದೆ ಬರುತ್ತದೆ ಎಂಬುದು ಎಲ್ಲ ಹೆಂಗಸರಿಗೂ ಗೊತ್ತು.

ವೈಶಾಖದ ಬುದ್ಧ ಪೂರ್ಣಿಮೆಗೆ ಖೀರು ಹಂಚುವುದು ಎಲ್ಲ ಕಡೆಯ ರೂಢಿ. ಸುಜಾತೆ ಕೊಟ್ಟ ಪಾಯಸದ ನೆನಪು. ನಮ್ಮಲ್ಲಿ ಅದು ಗೋದಿ ಹುಗ್ಗಿ. ದೊಡ್ಡ ಹಂಡೆಯಲ್ಲಿ ಕುಟ್ಟಿದ ಗೋದಿ, ಬೆಲ್ಲ, ಗಸಗಸೆ, ಒಣಕೊಬ್ಬರಿ ಬೇಯುವ ವಾಸನೆ ಬೀದಿಯ ಕೊನೆಯವರೆಗೆ ಹೋಗುತ್ತದೆ, ಬಂದವರೆಲ್ಲರೂ ಪಂಕ್ತಿಯಲ್ಲಿ ಕೂರುತ್ತಾರೆ. ಪುಸ್ತಿಕೆಯಲ್ಲಿ ಅದಕ್ಕೆ ಭೋಜನದಾನ ಎಂದು ಬರೆದಿದೆ. ಆದರೆ ಬಸವಣ್ಣ ಹುಟ್ಟಿದ ಬಾಗೇವಾಡಿ ಇರುವ ಜಿಲ್ಲೆ ಇದು, ನಮ್ಮ ಬಾಯಲ್ಲಿ ಬರುವ ಪದ ದಾಸೋಹ. ಯಾರೂ ಅದನ್ನು ತಿದ್ದಿಲ್ಲ, ತಿದ್ದಬಾರದು ಎಂದೇ ನನ್ನ ಅಭಿಪ್ರಾಯ.

ಮದುವೆ, ನಾಮಕರಣಗಳೂ ವಿಹಾರದಲ್ಲಿಯೇ ನಡೆಯುತ್ತವೆ. ಮುಹೂರ್ತ ನೋಡುವುದಿಲ್ಲ, ಅಕ್ಷತೆಯ ಬದಲು ಹೂವಿನ ಪಕಳೆ. ಸಿಗಾಲೋವಾದ ಸುತ್ತದಲ್ಲಿರುವ ಗಂಡನ ಐದು, ಹೆಂಡತಿಯ ಐದು ಕರ್ತವ್ಯಗಳನ್ನು ವಧೂವರರು ಎಲ್ಲರ ಎದುರು ಹೇಳಬೇಕು. ಹೆಂಡತಿಯನ್ನು ಗೌರವಿಸುತ್ತೇನೆ, ಅವಮಾನಿಸುವುದಿಲ್ಲ, ಮನೆಯ ಅಧಿಕಾರವನ್ನು ಅವಳಿಗೆ ಕೊಡುತ್ತೇನೆ ಎಂದು ವರ ಮೈಕಿನಲ್ಲಿ ಹೇಳುವಾಗ ಹೆಂಗಸರ ಸಾಲಿನಲ್ಲಿ ಆಗುವ ಗುಜುಗುಜು ನನಗೆ ಬಹಳ ಇಷ್ಟ. ವಿಹಾರದ ಹಿಂಬದಿಯ ಸಣ್ಣ ಕೋಣೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ, ಹುಡುಗಿಯರಿಗೆ ಬಿಟ್ಟದ್ದು. ಅಲ್ಲಿ ರಾತ್ರಿ ಹನ್ನೊಂದರವರೆಗೆ ದೀಪ ಉರಿಯುತ್ತದೆ. ನವೆಂಬರ್ 26ಕ್ಕೆ ಸಂವಿಧಾನದ ಪ್ರಸ್ತಾವನೆಯನ್ನು ವಂದನೆಯ ಜೊತೆಗೇ ಓದುತ್ತೇವೆ.

ಅರ್ಜಿಗಳ ವಿಷಯ ಮಾತ್ರ ಇಂದಿಗೂ ಸರಳವಾಗಿಲ್ಲ. ಪರಿಶಿಷ್ಟ ಜಾತಿಗಳ ಮಾನ್ಯತೆಯನ್ನು 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಕಾನೂನು ವಿಸ್ತರಿಸಿದೆ. ಹೀಗಿದ್ದರೂ ಧರ್ಮದ ಅಂಕಣದಲ್ಲಿ ‘ಬೌದ್ಧ’ ಎಂದು ಬರೆದ ನನ್ನ ಮಗನ ಅರ್ಜಿಯನ್ನು ಒಂದು ಕಚೇರಿಯಲ್ಲಿ ಎರಡು ಸಲ ಹಿಂದಿರುಗಿಸಿದರು. ಮೂರನೆಯ ಸಲ ವಿಹಾರದ ಹಿರಿಯರೊಬ್ಬರು ಕಾನೂನಿನ ಪ್ರತಿಯನ್ನು ಹಿಡಿದುಕೊಂಡು ನನ್ನ ಜೊತೆ ಬಂದರು. ಇಂಥ ಕೆಲಸಕ್ಕೆಂದೇ ಆ ಪ್ರತಿಯನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ಬುದ್ಧ ಮೂರ್ತಿಯ ಕೆಳಗಿನ ಡ್ರಾಯರಿನಲ್ಲಿ ಇಟ್ಟಿದ್ದಾರೆ, ವಂದನೆಯ ಪುಸ್ತಿಕೆಗಳ ಪಕ್ಕದಲ್ಲಿ. ಅದು ಅಲ್ಲಿರುವುದು ಸರಿಯಾಗಿಯೇ ಇದೆ.

ವರ್ಷಕ್ಕೊಮ್ಮೆ ಐಹೊಳೆಗೆ ಹೋಗುವ ಪದ್ಧತಿಯನ್ನು ಹುಟ್ಟುಹಾಕಿದ್ದು ಅದೇ ಓದುವ ಕೋಣೆಯ ಹುಡುಗರು. ಚಳಿಗಾಲದಲ್ಲಿ, ಕ್ರೂಸರ್ ಗಾಡಿಗಳಲ್ಲಿ, ಬುತ್ತಿ ಕಟ್ಟಿಕೊಂಡು, ಕೃಷ್ಣೆಯನ್ನು ದಾಟಿ ಬಾಗಲಕೋಟೆ ಜಿಲ್ಲೆಗೆ ಹೋಗುತ್ತೇವೆ. ಪ್ರವಾಸಿಗರೆಲ್ಲ ದುರ್ಗಾ ಗುಡಿಯ ಸುತ್ತ ಇರುವಾಗ ನಾವು ಮೇಗುಟಿ ಬೆಟ್ಟದ ಮೆಟ್ಟಿಲು ಹತ್ತುತ್ತೇವೆ. ಬೆಟ್ಟದ ನೆತ್ತಿಯಲ್ಲಿರುವ ಜೈನ ಬಸದಿಯ ಗೋಡೆಯ ಮೇಲೆ ರವಿಕೀರ್ತಿ ಬರೆದ, 634ರ, ಇಮ್ಮಡಿ ಪುಲಕೇಶಿಯನ್ನು ಕೊಂಡಾಡುವ ಶಾಸನವಿದೆ. ಅದಕ್ಕಿಂತ ಕೆಲವೇ ಮೆಟ್ಟಿಲು ಕೆಳಗೆ, ಬಂಡೆಗೆ ಒರಗಿಕೊಂಡಂತೆ, ಎರಡು ಅಂತಸ್ತಿನ ಬೌದ್ಧ ಚೈತ್ಯವಿದೆ. ಆರನೆಯ ಶತಮಾನದ ಕೊನೆಯ ಕಾಲದ್ದು ಎನ್ನುತ್ತಾರೆ. ಎದುರು ಚೌಕ ಕಂಬಗಳ ತೆರೆದ ಪಡಸಾಲೆ, ಹಿಂದೆ ಬೆಟ್ಟದೊಳಕ್ಕೆ ಹೋಗುವ ಸಣ್ಣ ಕೋಣೆಗಳು. ಮೇಲಿನ ಅಂತಸ್ತಿನಲ್ಲಿ ಕತ್ತೆತ್ತಿ ನೋಡಿದರೆ ಛತ್ರಿಯ ಕೆಳಗೆ ಕುಳಿತ ಬುದ್ಧ. ಹೊರಗೆ ರುಂಡವಿಲ್ಲದ ಇನ್ನೊಂದು ಬುದ್ಧ ವಿಗ್ರಹ.

ಪುಲಕೇಶಿಯ ರಾಜ್ಯಕ್ಕೆ ಬಂದ ಚೀನಾ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಅಲ್ಲಿ ಭಿಕ್ಷುಗಳು ನೆಲೆಸುವ ನೂರರಷ್ಟು ಸಂಘಾರಾಮಗಳಿದ್ದವು, ಐದು ಸಾವಿರದಷ್ಟು ಭಿಕ್ಷುಗಳಿದ್ದರು ಎಂದು ಬರೆದಿಟ್ಟಿದ್ದಾನೆ. ಆ ನೂರರಲ್ಲಿ ನಮಗೆ ಹತ್ತಿರದಲ್ಲಿ ಉಳಿದ ಕುರುಹು ಇದು. ಸಂರಕ್ಷಿತ ಸ್ಮಾರಕವಾದ್ದರಿಂದ ಅಲ್ಲಿ ಪೂಜೆ ಮಾಡುವಂತಿಲ್ಲ, ನಾವು ಮಾಡುವುದೂ ಇಲ್ಲ. ಪಡಸಾಲೆಯ ತಂಪಿನಲ್ಲಿ ಹತ್ತು ನಿಮಿಷ ಮೌನವಾಗಿ ಕುಳಿತು ಏಳುತ್ತೇವೆ. ಮೊದಲ ಸಲ ಹೋದಾಗ ಅಜ್ಜಿಗೆ ಎಪ್ಪತ್ತು ದಾಟಿತ್ತು. ಇಬ್ಬರು ಹುಡುಗರು ತೋಳು ಹಿಡಿದು ಹತ್ತಿಸಿದರು. ರುಂಡವಿಲ್ಲದ ವಿಗ್ರಹದ ಮುಂದೆ ಅವಳು ಬಹಳ ಹೊತ್ತು ನಿಂತಳು. ನಾವೆಲ್ಲ ಹೊಸದಾಗಿ ಬಂದವರು ಎಂದು ತಿಳಿದಿದ್ದೆ, ಈ ಮನೆ ಮೊದಲೇ ಇತ್ತಲ್ಲ ಎಂಬ ಅರ್ಥದ ಏನನ್ನೋ ಮೆಲ್ಲಗೆ ಹೇಳಿದಳು. ವಿಗ್ರಹದ ಮೊಣಕಾಲಿನ ಮೇಲಿದ್ದ ಒಣಗಿದ ಎಲೆಯೊಂದನ್ನು ಸೆರಗಿನಿಂದ ಒರೆಸಿ ತೆಗೆದಳು. ಅದು ಪೂಜೆಯೋ ಅಲ್ಲವೋ ಎಂದು ಕಾವಲುಗಾರ ಕ್ಷಣಕಾಲ ಯೋಚಿಸಿದಂತೆ ಕಂಡಿತು, ಏನೂ ಅನ್ನಲಿಲ್ಲ.

ಅವಳು ತೀರಿಕೊಂಡದ್ದು ಒಂದು ಚೈತ್ರದಲ್ಲಿ. ಇಪ್ಪತ್ತೆರಡು ಪ್ರತಿಜ್ಞೆಗಳಲ್ಲಿ ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂಬುದೂ ಒಂದು. ದೂರದ ನೆಂಟರು ಹನ್ನೊಂದನೆಯ ದಿನ ಏನು ಮಾಡುತ್ತೀರಿ ಎಂದು ಕೇಳುತ್ತಲೇ ಇದ್ದರು. ವಿಹಾರದ ಹೆಂಗಸರು ಬಿಳಿ ಸೀರೆಯುಟ್ಟು ಬಂದು ಅಂಗಳದಲ್ಲಿ ಕ್ಷಣಕಾಲವೂ ತಡವರಿಸದೆ ‘ಅನಿಚ್ಚಾ ವತ ಸಂಖಾರಾ’ ಎಂದು ಹೇಳಲಾರಂಭಿಸಿದರು. ಕೂಡಿ ಬಂದದ್ದೆಲ್ಲವೂ ಅನಿತ್ಯ, ಹುಟ್ಟಿ ಅಳಿಯುವುದೇ ಅದರ ಗುಣ ಎಂಬ ಗಾಥೆ. ಪುಸ್ತಿಕೆ ಯಾರ ಕೈಯಲ್ಲಿಯೂ ಇರಲಿಲ್ಲ. ನಾನು ಅಕ್ಷರ ಬಲ್ಲವಳು ಎರಡನೆಯ ಸಾಲಿಗೆ ದನಿ ಕಟ್ಟಿ ನಿಂತುಬಿಟ್ಟೆ, ಅವರು ಮುಗಿಸಿದರು.

ಆ ವರ್ಷದ ವರ್ಷಾವಾಸಕ್ಕೆ ಓದಲು ನನಗೆ ಮನಸ್ಸು ಬರಲಿಲ್ಲ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯನ್ನು ಕೂರಿಸಿದರು. ಗ್ರಂಥದ ಬೆನ್ನು ಬಿಚ್ಚಿಹೋಗಿತ್ತು, ಮರುಹೊಲಿಗೆ ಹಾಕಿಸಿ ಕ್ಯಾಲಿಕೋ ಬಟ್ಟೆ ಅಂಟಿಸಿ ತಂದಿದ್ದರು. ಆಷಾಢ ಕಳೆದು ಶ್ರಾವಣ ಹಿಡಿದಿತ್ತು, ಮಳೆ ಅಪರೂಪಕ್ಕೆ ಎಡೆಬಿಡದೆ ಬರುತ್ತಿತ್ತು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎನ್ನುವ ನಮ್ಮ ಡೋಣಿ ನದಿಯ ಸೀಮೆಯ ಮಾತನ್ನು ಅಂದು ಬಾಗಿಲಲ್ಲಿ ಕೊಡೆ ಮಡಚುವಾಗ ಯಾರೋ ನೆನೆದರು. ನಾನು ಹಿಂದೆ, ಗೋಡೆಯ ಕಡೆ, ಅಜ್ಜಿ ಕೂರುತ್ತಿದ್ದ ಜಾಗದಲ್ಲಿ ಕುಳಿತಿದ್ದೆ. ಹುಡುಗಿ ಓದುತ್ತಿದ್ದದ್ದು ಸೇವಕ ಛನ್ನ ಸಿದ್ಧಾರ್ಥನನ್ನು ಬಿಟ್ಟು ಕುದುರೆಯನ್ನು ಹಿಡಿದುಕೊಂಡು ಕಪಿಲವಸ್ತುವಿಗೆ ಮರಳುವ ಭಾಗ. ಓದು ಸರಾಗವಾಗಿಯೇ ಸಾಗುತ್ತಿತ್ತು. ನನಗೇನೂ ತಪ್ಪು ಕೇಳಿಸಲಿಲ್ಲ. ಮಧ್ಯದ ಸಾಲಿನಲ್ಲಿದ್ದ ಮುಳುಗಡೆಯ ಊರಿನ ಆ ಹೆಂಗಸು ತಲೆಯೆತ್ತದೆ, ಬತ್ತಿ ಹೊಸೆಯುತ್ತಲೇ, “ತಡಿ, ಒಂದ ಸಾಲು ಬಿಟ್ಟಿ” ಎಂದಳು. ಹುಡುಗಿ ಬೆರಳಿಟ್ಟು ಮೇಲಿನಿಂದ ಹುಡುಕಿದಳು. ಹೊಸ ಹೊಲಿಗೆಯ ದಾರ ಪುಟವನ್ನು ಸ್ವಲ್ಪ ಎಳೆದು ಮಡಚಿತ್ತು, ಸಾಲು ಆ ಮಡಿಕೆಯ ಒಳಗಿತ್ತು. ಅವಳು ಅದನ್ನು ಉಗುರಿನಿಂದ ಬಿಡಿಸಿ, ದೀಪಕ್ಕೆ ಹಿಡಿದು, ಮೊದಲಿನಿಂದ ಓದಿದಳು.